ಹಿಂದಿರುಗುವ ತೀರ್ಮಾನ

(ನಾಗಪುರದಲ್ಲಿ ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹೊರನಾಡಿನಲ್ಲಿ ಇಬ್ಬರು ಕನ್ನಡಿಗರು ಸೇರಿದರೆ ಮೊದಲ ಮಾತು ‘ಯಾವ ಊರು?’ ಎಂಬುದು, ಅವರಿಗೆ ಐವತ್ತು ದಾಟಿದ್ದರೆ ಎರಡನೆಯ ಮಾತು ‘ಮುಂದೆ ಎಲ್ಲಿ?’ ಎಂಬುದು. ಮೊದಲನೆಯದಕ್ಕೆ ತಟ್ಟನೆ ಉತ್ತರ ಕೊಡುತ್ತೇವೆ. ಎರಡನೆಯದಕ್ಕೆ ‘ನೋಡೋಣ’ ಎನ್ನುತ್ತೇವೆ. ಈ ‘ನೋಡೋಣ’ವನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ನನ್ನ ನಿವೃತ್ತಿಗೆ ಇನ್ನು ಮೂರು ವರ್ಷ ಉಳಿದಿರುವುದರಿಂದ ಈ ವಿಷಯದಲ್ಲಿ ನನಗೆ ಅಧಿಕಾರವಿದೆಯೆಂದು ಅವರು ಭಾವಿಸಿರಬಹುದು. ಅಧಿಕಾರವಿಲ್ಲ, ಅವಸರವಿದೆ.

ಈ ಸಭೆಯಲ್ಲಿ ಕುಳಿತಿರುವ ಅನೇಕರು ನನ್ನಂತೆಯೇ ಸರ್ಕಾರಿ ಆದೇಶದ ಮೇಲೆ ಈ ಊರಿಗೆ ಬಂದವರು. 1948ರಲ್ಲಿ ಸ್ಥಾಪನೆಯಾದ ಭಾರತೀಯ ಗಣಿ ಬ್ಯೂರೋ, 1958ರಲ್ಲಿ ಆರಂಭವಾಗಿ ಇಂದು ‘ನೀರಿ’ ಎಂದು ಹೆಸರಾಗಿರುವ ಪರಿಸರ ಸಂಶೋಧನ ಸಂಸ್ಥೆ, 1975ರ ವೆಸ್ಟರ್ನ್ ಕೋಲ್‌ಫೀಲ್ಡ್ಸ್, 1976ರ ಹತ್ತಿ ಸಂಶೋಧನ ಸಂಸ್ಥೆ, ರೈಲ್ವೆ, ಅಂಬಾಝರಿಯ ಆಯುಧ ಕಾರ್ಖಾನೆ, ಆದಾಯ ತೆರಿಗೆಯ ಅಕಾಡೆಮಿ ಇವೆಲ್ಲ ದೇಶದ ನಾನಾ ಭಾಗಗಳಿಂದ ಜನರನ್ನು ಇಲ್ಲಿಗೆ ಕರೆತಂದವು. ನಾಗಪುರವನ್ನು ನಾವು ಆರಿಸಿಕೊಳ್ಳಲಿಲ್ಲ. ಆದರೆ ವರ್ಷಗಳು ಕಳೆದಂತೆ ಇಲ್ಲಿಯ ಬಿಸಿಲೂ ಕಿತ್ತಳೆಯೂ ಮರಾಠಿಯೂ ನಮ್ಮವಾದವು. ಆಯ್ಕೆಯಿಲ್ಲದೆ ಬಂದವನು ಆಯ್ಕೆ ಮಾಡಬೇಕಾದ ಹೊತ್ತಿನಲ್ಲಿ ತಬ್ಬಿಬ್ಬಾಗುವುದು ಸಹಜ.

ನಾನು ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ‘ಎಂದಾದರೂ ಒಂದು ದಿನ ಊರಿಗೆ ಹೋಗುತ್ತೇವೆ’ ಎಂಬ ವಾಕ್ಯವನ್ನು ನಾವು ಊರಿನ ಮೇಲಿನ ಪ್ರೀತಿಯೆಂದು ತಿಳಿದಿದ್ದೇವೆ. ಅದರ ಆಶ್ರಯದಲ್ಲಿ ನಾವು ಎರಡೂ ಕಡೆಯ ಜವಾಬ್ದಾರಿಯಿಂದ ತಪ್ಪಿಸಿಕೊಂಡಿದ್ದೇವೆ. ಇಲ್ಲಿಯ ವಿಚಾರ ಬಂದಾಗ ‘ನಾವು ಹೋಗುವವರು’ ಎನ್ನುತ್ತೇವೆ. ಊರಿನ ವಿಚಾರ ಬಂದಾಗ ‘ನಾವು ದೂರವಿರುವವರು’ ಎನ್ನುತ್ತೇವೆ. ಹಿಂದಿರುಗುವುದಾದರೂ ಸರಿ, ಉಳಿಯುವುದಾದರೂ ಸರಿ, ಅದನ್ನು ತೀರ್ಮಾನವನ್ನಾಗಿ ಮಾಡಬೇಕು. ತೀರ್ಮಾನದ ಜೊತೆಗೆ ಬರುವ ಋಣವನ್ನೂ ಒಪ್ಪಿಕೊಳ್ಳಬೇಕು.

ಈ ಮುಂದೂಡುವಿಕೆಗೆ ನಮ್ಮ ಸೇವಾ ಪುಸ್ತಕವೇ ಅಡಿಪಾಯ ಹಾಕಿಕೊಟ್ಟಿದೆ. ಕೇಂದ್ರ ಸರ್ಕಾರದ ನೌಕರನು ತನ್ನ ‘ಹೋಮ್ ಟೌನ್’ ಯಾವುದೆಂದು ಘೋಷಿಸಬೇಕು. ಊರಿಗೆ ಹೋಗಿಬರುವ ರಜಾ ಪ್ರಯಾಣದ ಸೌಲಭ್ಯ ಅದನ್ನು ಅವಲಂಬಿಸಿದೆ. 1988ರ ನಿಯಮಾವಳಿಯ ಪ್ರಕಾರ ಒಮ್ಮೆ ಘೋಷಿಸಿದ್ದು ಅಂತಿಮ. ವಿಶೇಷ ಕಾರಣವಿದ್ದರೆ ಮೇಲಧಿಕಾರಿಗಳ ಒಪ್ಪಿಗೆ ಪಡೆದು ಇಡೀ ಸೇವೆಯಲ್ಲಿ ಒಂದು ಬಾರಿ ಮಾತ್ರ ಬದಲಾಯಿಸಬಹುದು. ಇಪ್ಪತ್ತೈದರ ಹರೆಯದಲ್ಲಿ ಬರೆದ ಒಂದು ಹೆಸರನ್ನು ನಾವು ಅರುವತ್ತರವರೆಗೂ ಹೊತ್ತು ತಿರುಗುತ್ತೇವೆ. ಅಷ್ಟರಲ್ಲಿ ಆ ಊರಿನ ಶಾಲೆ, ಅಂಗಡಿ, ಬಸ್ಸು, ಜಾತಿಗಳ ಬಲಾಬಲ ಎಲ್ಲವೂ ಬದಲಾಗಿರುತ್ತದೆ. ಪುಸ್ತಕದಲ್ಲಿ ಮಾತ್ರ ಊರು ಹಾಗೆಯೇ ಇರುತ್ತದೆ.

ನಿವೃತ್ತನಾದಾಗ ಸರ್ಕಾರವು ಅವನನ್ನೂ ಅವನ ಕುಟುಂಬವನ್ನೂ ಸಾಮಾನುಗಳನ್ನೂ ಅವನು ನೆಲೆಸಲು ಬಯಸಿದ ಊರಿಗೆ ತನ್ನ ಖರ್ಚಿನಲ್ಲಿ ತಲುಪಿಸುತ್ತದೆ. ಘೋಷಿಸಿದ ಊರೇ ಆಗಬೇಕೆಂದಿಲ್ಲ. ಇದರ ಜೊತೆಗೆ ಕೊಡುವ ಅನುದಾನದಲ್ಲಿ ಒಂದು ಭೇದವಿತ್ತು. ಕೊನೆಯ ಕೆಲಸದ ಊರಿನಲ್ಲಿಯೋ ಅದರಿಂದ 20 ಕಿಲೋಮೀಟರ್ ಒಳಗೋ ನೆಲೆಸುವವನಿಗೆ ಮೂರರಲ್ಲಿ ಒಂದು ಭಾಗ ಮಾತ್ರ ಸಿಗುತ್ತಿತ್ತು. 2022ರಲ್ಲಿ ಆ ದೂರದ ಷರತ್ತನ್ನು ತೆಗೆದುಹಾಕಲಾಯಿತು. ಮನೆ ಬದಲಾಯಿಸಿದರೆ ಸಾಕು, ಎಲ್ಲಿಗೆ ಎಂಬುದು ನಿನ್ನಿಷ್ಟ ಎಂದು ಸರ್ಕಾರವೂ ಹೇಳಿದೆ. ಇನ್ನು ತೀರ್ಮಾನ ನಮ್ಮದು.

ದೇಶದ ಹೊರಗಿರುವ ನಮ್ಮವರ ಪರಿಸ್ಥಿತಿಯನ್ನು ಇದಕ್ಕೆ ಹೋಲಿಸಿ ನೋಡಬೇಕು. ನಮ್ಮ ಸಂಘದ ಮನೆಗಳಲ್ಲಿ ಬಹುಪಾಲು ಮನೆಗಳಿಂದ ಒಬ್ಬರಾದರೂ ವಿದೇಶದಲ್ಲಿದ್ದಾರೆ. 1965ರ ಕಾಯಿದೆಯಿಂದ ಅಮೆರಿಕದ ಬಾಗಿಲು ನಮ್ಮವರಿಗೆ ತೆರೆಯಿತು. ಅಲ್ಲಿಗೆ ಹೋದ ಭಾರತೀಯರ ನಡುವೆ ‘ಎಕ್ಸ್ ಪ್ಲಸ್ ಒನ್’ ಎಂಬ ಹಾಸ್ಯವಿದೆ. ಈ ವರ್ಷ ಯಾವುದೇ ಆಗಿರಲಿ, ಹಿಂದಿರುಗುವುದು ಮುಂದಿನ ವರ್ಷ. ಮುಂದಿನ ವರ್ಷ ಬಂದಾಗ ಅದು ‘ಈ ವರ್ಷ’ವಾಗುತ್ತದೆ. ಸಾಲ ತೀರಲಿ, ಹಸಿರು ಚೀಟಿ ಬರಲಿ, ಮಗಳ ಶಾಲೆ ಮುಗಿಯಲಿ ಎಂದು ಕಾರಣಗಳು ಒಂದರ ಹಿಂದೆ ಒಂದು ಸಾಲುಗಟ್ಟುತ್ತವೆ. 2005ರಲ್ಲಿ ಪೌರತ್ವ ಕಾಯಿದೆಗೆ ತಂದ ತಿದ್ದುಪಡಿಯಿಂದ ಆರಂಭವಾದ ಸಾಗರೋತ್ತರ ನಾಗರಿಕ ಕಾರ್ಡು ಈ ಮುಂದೂಡುವಿಕೆಯನ್ನು ಇನ್ನಷ್ಟು ಸುಗಮಗೊಳಿಸಿತು. ಅದನ್ನು ಹೊಂದಿದವರು ಜೀವನಪರ್ಯಂತ ಬಂದು ಹೋಗಬಹುದು. ಮತ ಹಾಕುವಂತಿಲ್ಲ, ಸಾಗುವಳಿ ಭೂಮಿ ಕೊಳ್ಳುವಂತಿಲ್ಲ. ಊರಿನವನಾಗುವುದಕ್ಕೂ ಊರಿಗೆ ಬಂದುಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ಈ ಎರಡು ನಿಷೇಧಗಳು ಯಾವ ಸಮಾಜಶಾಸ್ತ್ರದ ಗ್ರಂಥಕ್ಕಿಂತಲೂ ಚೆನ್ನಾಗಿ ತಿಳಿಸುತ್ತವೆ.

ಕೊಲ್ಲಿಯ ಕಥೆ ಬೇರೆ. ಉಡುಪಿ, ಮಂಗಳೂರು, ಭಟ್ಕಳಗಳಿಂದ ಅಲ್ಲಿಗೆ ದುಡಿಯಲು ಹೋದವನಿಗೆ ಆ ದೇಶಗಳು ಸಾಮಾನ್ಯವಾಗಿ ಪೌರತ್ವ ಕೊಡುವುದಿಲ್ಲ. ಕೆಲಸ ಮುಗಿದೊಡನೆ ಹಿಂದಿರುಗಲೇಬೇಕು. ಆದುದರಿಂದ ಅವನು ಹೋದ ಮೊದಲ ವರ್ಷದಿಂದಲೇ ಊರಿನಲ್ಲಿ ಮನೆ ಕಟ್ಟುತ್ತಾನೆ, ಮಸೀದಿಗೆ, ದೇವಸ್ಥಾನಕ್ಕೆ, ಇಗರ್ಜಿಗೆ, ಶಾಲೆಗೆ ಹಣ ಕಳುಹಿಸುತ್ತಾನೆ. ಅವನ ತೀರ್ಮಾನವನ್ನು ಕಾನೂನೇ ಮಾಡಿಬಿಟ್ಟಿದೆ. ಕೆಲವೊಮ್ಮೆ ಯುದ್ಧವೂ ಮಾಡುತ್ತದೆ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1,70,000 ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನಗಳಲ್ಲಿ ಕರೆತರಲಾಯಿತು. ನಮ್ಮ ಕರಾವಳಿಯವರೂ ಅದರಲ್ಲಿದ್ದರು. ಅದು ಬಲವಂತದ ಹಿಂದಿರುಗುವಿಕೆ. ಪರಿಸ್ಥಿತಿ ತಿಳಿಯಾದ ಮೇಲೆ ಮತ್ತೆ ಹೊರಟವರು ಅನೇಕರು. ಹೊರಗಿನ ಶಕ್ತಿ ನಮಗಾಗಿ ತೀರ್ಮಾನಿಸಿದರೆ ಏನಾಗುತ್ತದೆಂಬುದಕ್ಕೆ ಇದು ಒಂದು ನಿದರ್ಶನ.

ಯಾರೂ ತೀರ್ಮಾನಿಸದಿದ್ದರೆ ಏನಾಗುತ್ತದೆಂಬುದಕ್ಕೆ ನಿದರ್ಶನ ನಮ್ಮ ಸುತ್ತಮುತ್ತಲೇ ಇದೆ. ನಾಗಪುರದ ಪಕ್ಕದ ವಾರ್ಧಾ ಜಿಲ್ಲೆಯ ದೇವಳಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ 940ನೆಯ ಇಸವಿಯ ತಾಮ್ರಪಟಗಳು ದೊರೆತಿವೆ, ಅವು ಸಂಸ್ಕೃತದಲ್ಲಿವೆ. ಇನ್ನೂ ಉತ್ತರಕ್ಕೆ ಹೋದರೆ ಮಧ್ಯಪ್ರದೇಶದ ಮೈಹರ್ ಸೀಮೆಯ ಜೂರಾದಲ್ಲಿ ಅದೇ ದೊರೆಯನ್ನು ಹೊಗಳುವ ಹತ್ತನೆಯ ಶತಮಾನದ ಕನ್ನಡ ಶಾಸನವೇ ಇದೆ. ಅದನ್ನು ಬರೆದವರಿಗೂ ಓದಿದವರಿಗೂ ಅಲ್ಲಿ ಕನ್ನಡ ಬರುತ್ತಿತ್ತು ಎಂದಾಯಿತು. ಇಂದು ಆ ಸೀಮೆಯಲ್ಲಿ ಕನ್ನಡ ಉಳಿದಿರುವುದು ಆ ಕಲ್ಲಿನಲ್ಲಿ. ಬಿಹಾರದ ಮಿಥಿಲೆಯಲ್ಲಿ 1097ರ ಸುಮಾರಿಗೆ ನಾನ್ಯದೇವನು ಸ್ಥಾಪಿಸಿದ ರಾಜವಂಶಕ್ಕೆ ಕರ್ನಾಟ ವಂಶವೆಂದೇ ಹೆಸರು. ಬಂಗಾಳದ ಸೇನರೂ ತಮ್ಮನ್ನು ಕರ್ನಾಟ ಕ್ಷತ್ರಿಯರೆಂದು ಕರೆದುಕೊಂಡರು. ಅವರು ಹಿಂದಿರುಗಲಿಲ್ಲ, ಕನ್ನಡಿಗರಾಗಿ ಉಳಿಯಲೂ ಇಲ್ಲ. ನಾವು ನವೆಂಬರ್ ಒಂದರ ಭಾಷಣಗಳಲ್ಲಿ ಇವರನ್ನೆಲ್ಲ ಹೆಮ್ಮೆಯಿಂದ ನೆನೆಯುತ್ತೇವೆ. ಹೆಮ್ಮೆಯ ಜೊತೆಗೆ ಎಚ್ಚರಿಕೆಯನ್ನೂ ಪಡೆಯಬಹುದಾಗಿತ್ತು.

ಇನ್ನು ಹಿಂದಿರುಗಿದವರನ್ನು ನೋಡೋಣ. 1960ರಲ್ಲಿ ನಾಗಪುರದಲ್ಲಿ ಆರಂಭವಾಗಿ ಇಂದು ವಿ.ಎನ್.ಐ.ಟಿ. ಆಗಿರುವ ಇಂಜಿನಿಯರಿಂಗ್ ಕಾಲೇಜು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿದೆ. ಅವರೂ ಒಂದು ಕಾಲಕ್ಕೆ ಹೊರನಾಡ ಕನ್ನಡಿಗರು, ಸರ್ಕಾರಿ ನೌಕರರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿ, ನಾಸಿಕ, ಖಾನದೇಶ, ಸಕ್ಕರ್, ಸೂರತ್, ಪುಣೆಗಳಲ್ಲಿ ಕಾಲು ಶತಮಾನದಷ್ಟು ದುಡಿದು, ಅವಧಿಗೆ ಮುನ್ನವೇ ನಿವೃತ್ತರಾದರು. 1908ರ ಮೂಸಿ ನದಿಯ ಮಹಾಪೂರದ ತರುವಾಯ ಹೈದರಾಬಾದಿನಲ್ಲಿ ಕೆಲಸ ಮಾಡುತ್ತಿದ್ದಾಗ ಮೈಸೂರು ಸಂಸ್ಥಾನದ ಕರೆ ಬಂತು. ಅವರು ತಕ್ಷಣ ಒಪ್ಪಲಿಲ್ಲ. ತಾಂತ್ರಿಕ ಶಿಕ್ಷಣ ಮತ್ತು ಕೈಗಾರಿಕೆಗಳನ್ನು ಬೆಳೆಸಲು ಅವಕಾಶವಿದೆಯೇ ಎಂದು ಮೊದಲು ವಿಚಾರಿಸಿದರು. ಆ ಮೇಲೆ 1909ರ ನವೆಂಬರಿನಲ್ಲಿ ಮುಖ್ಯ ಇಂಜಿನಿಯರರಾಗಿ ಬಂದರು, 1912ರಲ್ಲಿ ದಿವಾನರಾದರು. ‘ಊರು ಕರೆಯಿತು’ ಎಂದು ಕಣ್ಣೀರು ತುಂಬಿ ಓಡಿಬಂದ ಕಥೆ ಇದಲ್ಲ. ಏನು ಮಾಡಲು ಬರುತ್ತೇನೆ ಎಂಬ ಪ್ರಶ್ನೆಯನ್ನು ಅವರು ಬರುವ ಮುನ್ನವೇ ಕೇಳಿದ್ದರು.

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರ ಹಾದಿ ಇನ್ನೊಂದು ಬಗೆಯದು. ಮೈಸೂರಿನಲ್ಲಿ ಹುಟ್ಟಿದ ಅವರು 1951ರಲ್ಲಿ ಆಕ್ಸ್‌ಫರ್ಡಿನ ಉದ್ಯೋಗವನ್ನು ಬಿಟ್ಟು ಬರೋಡಾಕ್ಕೆ ಬಂದರು. 1959ರಲ್ಲಿ ದೆಹಲಿಗೆ, 1972ರಲ್ಲಿ ಬೆಂಗಳೂರಿಗೆ. ಇಂಗ್ಲೆಂಡಿನಿಂದ ಕರ್ನಾಟಕಕ್ಕೆ ಬರಲು ಅವರಿಗೆ 21 ವರ್ಷ ಹಿಡಿಯಿತು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಅವರ ಟಿಪ್ಪಣಿಗಳು ಆಹುತಿಯಾದ ಮೇಲೆ, ಮೈಸೂರು ಬಳಿಯ ಹಳ್ಳಿಯೊಂದನ್ನು ನೆನಪಿನಿಂದಲೇ ಕಟ್ಟಿ, 1976ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಹಿಂದಿರುಗುವುದು ಒಂದೇ ರಾತ್ರಿಯ ರೈಲು ಪ್ರಯಾಣವಾಗಬೇಕಿಲ್ಲ. ದಿಕ್ಕು ಸ್ಪಷ್ಟವಾಗಿದ್ದರೆ ಹಂತ ಹಂತವಾಗಿಯೂ ಆಗಬಹುದು. ನಮ್ಮ ಸಾಗರ ತಾಲ್ಲೂಕಿನ ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರು ಮೈಸೂರಿನಲ್ಲಿ ಪದವಿ ಮುಗಿಸಿ ಎಳೆಯ ವಯಸ್ಸಿನಲ್ಲಿಯೇ ಹಳ್ಳಿಗೆ ಹಿಂದಿರುಗಿದರು. 1949ರಲ್ಲಿ ಹುಟ್ಟಿದ ನೀನಾಸಮ್ ಅವರ ಕೈಯಲ್ಲಿ ದೇಶಕ್ಕೇ ಪರಿಚಿತವಾಯಿತು. 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ಹಿಂದಿರುಗಲು ಮುಪ್ಪು ಬರುವವರೆಗೆ ಕಾಯಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಹಿಂದಿರುಗದವರಲ್ಲಿಯೂ ದೊಡ್ಡವರಿದ್ದಾರೆ. ಯಶವಂತ ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿ, ಮುಂಬಯಿಯ ಕೈಗಾರಿಕೆಯಲ್ಲಿ ಉನ್ನತ ಹುದ್ದೆಯಲ್ಲಿ ದುಡಿದು, 2014ರಲ್ಲಿ ಮುಂಬಯಿಯಲ್ಲಿಯೇ ತೀರಿಕೊಂಡರು. ಅವರ ಕಥೆಗಳಲ್ಲಿ ಹನೇಹಳ್ಳಿಯೂ ಉಂಟು, ಮುಂಬಯಿಯೂ ಉಂಟು. ಎರಡಕ್ಕೂ ಅವರು ಸಲ್ಲಬೇಕಾದುದನ್ನು ಸಲ್ಲಿಸಿದರು. ಅವರನ್ನು ಯಾರೂ ‘ಊರು ಬಿಟ್ಟವರು’ ಎನ್ನಲಾರರು. ಹೀಗಾಗಿ ಹಿಂದಿರುಗುವುದೇ ಪುಣ್ಯ, ಉಳಿಯುವುದೇ ಪಾಪ ಎಂಬ ಸರಳ ಗಣಿತವನ್ನು ನಾನು ಒಪ್ಪುವುದಿಲ್ಲ.

ಹಿಂದಿರುಗುವುದಾದರೆ ಯಾವ ಊರಿಗೆ ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ಇದು ಭೂಪಟದ ಪ್ರಶ್ನೆಯಂತೆ ತೋರಿದರೂ ರಾಜಕೀಯ ಪ್ರಶ್ನೆ. ನಾನು ಬಲ್ಲ ಸಾಗರ ತಾಲ್ಲೂಕಿನಿಂದಲೇ ಇದನ್ನು ವಿವರಿಸುತ್ತೇನೆ.

ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿ ಭತ್ತವನ್ನು ಅಳೆಯುವ ಕೊಳಗದ ಅಳತೆಯಿಂದ ಮೊದಲಾದ ಜಗಳ ಅದು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಅದರ ಮುಂಚೂಣಿಯಲ್ಲಿದ್ದರು. ರಾಮಮನೋಹರ ಲೋಹಿಯಾ ಬಂದು ಬಂಧಿತರಾದರು. ಅಂದು ಕೇಳಿದ ಪ್ರಶ್ನೆಗೆ ಕಾನೂನಿನ ಉತ್ತರ ದೊರೆತದ್ದು ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ. 1974ರ ಮಾರ್ಚ್ 1ರಿಂದ ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ನಿಂತು ಒಡೆತನ ಪಡೆದನು. ನಮ್ಮದು ಗೇಣಿ ಪಡೆಯುತ್ತಿದ್ದ ಮನೆ. ನನಗಾಗ ಆರು ವರ್ಷ. ನಮ್ಮ ಮನೆಯ ಹಿರಿಯರು ಬಹಳ ಕಾಲದವರೆಗೆ ಆ ಗದ್ದೆಗಳನ್ನು ‘ನಮ್ಮ ಗದ್ದೆ’ ಎಂದೇ ಕರೆಯುತ್ತಿದ್ದರು. ಆದರೆ ಅವು ಐವತ್ತು ವರ್ಷಗಳಿಂದ ಉಳುವವರವೇ ಆಗಿವೆ. ಅದು ನ್ಯಾಯವಾದುದೇ ಎಂದು ನಾನು ನಂಬಿದ್ದೇನೆ. ಹೊರನಾಡಿನಲ್ಲಿ ಕುಳಿತು ನಾವು ಹಂಬಲಿಸುವ ಊರು ಬಹುಮಟ್ಟಿಗೆ 1974ಕ್ಕೆ ಮುಂಚಿನದು. ಅಂಗಳ ತುಂಬ ಭತ್ತ, ಕರೆದರೆ ಬರುವ ಆಳು, ಬಾಗಿಲಲ್ಲಿ ನಿಂತು ಮಾತನಾಡುವ ಗೇಣಿದಾರ, ಇವೆಲ್ಲ ಸೇರಿದ ಚಿತ್ರ ಅದು. ಆ ಊರಿಗೆ ಹಿಂದಿರುಗಲು ಸಾಧ್ಯವಿಲ್ಲ; ಹಿಂದಿರುಗಬಾರದು ಕೂಡ.

ಇದೇ ತಾಲ್ಲೂಕಿನಲ್ಲಿ ಹಿಂದಿರುಗಲು ಊರೇ ಇಲ್ಲದವರಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಹಳ್ಳಿಗಳನ್ನು ಮುಳುಗಿಸಿತು. ಇಡೀ ಕರ್ನಾಟಕಕ್ಕೆ ದೀಪ ಕೊಟ್ಟ ಯೋಜನೆ ಅದು. ಬಿರುಬೇಸಿಗೆಯಲ್ಲಿ ನೀರು ಇಳಿದಾಗ ಅದಕ್ಕಿಂತ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ; ಜನ ನೋಡಲು ಹೋಗುತ್ತಾರೆ. ಮುಳುಗಡೆಯವರಿಗೆ ಬದಲಿಯಾಗಿ ತೋರಿಸಿದ ಜಾಗಗಳ ಹಕ್ಕುಪತ್ರದ ಸಮಸ್ಯೆ ಮಾತ್ರ ಎರಡು ತಲೆಮಾರು ದಾಟಿಯೂ ಕಚೇರಿಯಿಂದ ನ್ಯಾಯಾಲಯಕ್ಕೆ, ನ್ಯಾಯಾಲಯದಿಂದ ಕಚೇರಿಗೆ ಅಲೆದಿದೆ. ನಾವು ಬಯಸಿ ಊರು ಬಿಟ್ಟವರು, ಸಂಬಳ ಪಡೆದವರು. ಅವರು ಐವತ್ತು ಮೈಲಿಯೊಳಗೇ ಇದ್ದುಕೊಂಡು ಪರದೇಶಿಗಳಾದರು. ‘ಪರದೇಶಿ’ ಎಂಬ ಮಾತಿಗೆ ಕನ್ನಡದಲ್ಲಿ ದಿಕ್ಕಿಲ್ಲದವನೆಂಬ ಅರ್ಥವೂ ಇದೆಯಷ್ಟೆ.

ಮೂರನೆಯ ಸಂಗತಿ ಇತ್ತೀಚಿನದು. ನಿಗದಿತ ಮಿತಿಗಿಂತ ಹೆಚ್ಚು ಕೃಷಿಯೇತರ ಆದಾಯವಿರುವವರು ಸಾಗುವಳಿ ಭೂಮಿ ಕೊಳ್ಳದಂತೆ ತಡೆಯುತ್ತಿದ್ದ 79ಎ ಕಲಮನ್ನು ಕರ್ನಾಟಕ ಸರ್ಕಾರ 2020ರಲ್ಲಿ ತೆಗೆದುಹಾಕಿತು. ಈಗ ಬೆಂಗಳೂರಿನ ಉದ್ಯೋಗಿಯೂ ನಾಗಪುರದ ಅಧಿಕಾರಿಯೂ ಹಣವಿದ್ದರೆ ಗದ್ದೆ ತೋಟ ಕೊಳ್ಳಬಹುದು. ಭವಿಷ್ಯ ನಿಧಿಯ ಹಣ ಹಿಡಿದು ಹಳ್ಳಿಗೆ ಬರುವ ನಿವೃತ್ತನು ತನ್ನನ್ನು ಮಣ್ಣಿನ ಮಗನೆಂದು ತಿಳಿದಿರಬಹುದು. ಹಳ್ಳಿಯವರಿಗೆ ಅವನು ಬೆಲೆ ಏರಿಸಲು ಬಂದ ಗಿರಾಕಿ. ಐವತ್ತು ವರ್ಷಗಳ ಹಿಂದೆ ಕಾನೂನಿನ ಬಾಗಿಲಿನಿಂದ ಹೊರಹೋದ ಒಡೆಯ ಇಂದು ಹಣದ ಬಾಗಿಲಿನಿಂದ ಒಳಬರುವುದಾದರೆ ಅದನ್ನು ಹಿಂದಿರುಗುವಿಕೆ ಎನ್ನುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ಊರಿನಲ್ಲಿ ಉಳಿದವನ ಸ್ಥಿತಿಯೇನು? ಪ್ರತಿಯೊಬ್ಬ ಹೊರನಾಡಿಗನ ಹಿಂದೆಯೂ ಊರಿನಲ್ಲಿ ಉಳಿದ ಒಬ್ಬ ಅಣ್ಣನೋ ತಮ್ಮನೋ ತಂಗಿಯೋ ಇದ್ದಾರೆ. ನಾವು ವರ್ಷಕ್ಕೊಮ್ಮೆ ಉಡುಗೊರೆ ಹಿಡಿದು ಹೋಗಿ ತಾಯಿಯ ಆಶೀರ್ವಾದ ಪಡೆದು ಬರುತ್ತೇವೆ. ಅವಳ ರಕ್ತದೊತ್ತಡದ ಮಾತ್ರೆ, ಮಳೆಗಾಲದಲ್ಲಿ ಸೋರುವ ಮಾಡು, ಅಡಿಕೆಯ ಕೊಳೆರೋಗ, ಸಹಕಾರಿ ಸಂಘದ ಸಾಲ, ಇವೆಲ್ಲ ಉಳಿದವನ ಪಾಲು. ನಾವು ನಿವೃತ್ತರಾಗಿ ಹಿಂದಿರುಗುತ್ತೇವೆಂದು ಪತ್ರ ಬರೆದಾಗ ಅವನ ಮನೆಯಲ್ಲಿ ಹುಟ್ಟುವ ಮೊದಲ ಪ್ರಶ್ನೆ ‘ಪಾಲು ಕೇಳುತ್ತಾನೆಯೇ?’ ಎಂಬುದು. ಬಾಯಿ ಬಿಟ್ಟು ಯಾರೂ ಕೇಳುವುದಿಲ್ಲ. ಎಷ್ಟೋ ಮನೆಗಳಲ್ಲಿ ತಾಯಿ ತೀರಿಕೊಂಡ ಹದಿಮೂರನೆಯ ದಿನದ ಊಟವಾದ ಮೇಲೆ ಇದರ ಉತ್ತರ ಹೊರಬರುತ್ತದೆ.

ನನ್ನ ವಿಷಯದಲ್ಲಿ ಇದನ್ನು ಮೊದಲೇ ಇತ್ಯರ್ಥ ಮಾಡಬೇಕೆನಿಸಿತು. ಕಳೆದ ವರ್ಷ ಊರಿಗೆ ಹೋದಾಗ ಮನೆ ಮತ್ತು ಉಳಿದಿರುವ ಅಷ್ಟಿಷ್ಟು ತೋಟದ ಮೇಲಿನ ನನ್ನ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಡುವ ಪತ್ರವನ್ನು ನೋಂದಾಯಿಸಿದೆ. ಇದನ್ನು ತ್ಯಾಗವೆಂದು ದಯವಿಟ್ಟು ಭಾವಿಸಬೇಡಿ. ಮೂವತ್ತು ವರ್ಷ ತಾಯಿಯನ್ನು ನೋಡಿಕೊಂಡವನ ಕೂಲಿಯನ್ನು ಲೆಕ್ಕ ಹಾಕಿದರೆ ನಾನೇ ಇನ್ನೂ ಸಾಲಗಾರ. ಆ ಪತ್ರಕ್ಕೆ ಸಹಿ ಹಾಕಿದ ಮೇಲೆ ನನಗೆ ಹಿಂದಿರುಗುವ ಧೈರ್ಯ ಬಂತು. ಹಕ್ಕುದಾರನಾಗಿ ಅಲ್ಲಿಗೆ ಹೋಗಲು ನನಗೆ ಸಂಕೋಚವಿತ್ತು. ನೆರೆಯವನಾಗಿ ಹೋಗಲು ಇಲ್ಲ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಎತ್ತಿದವರು ನನ್ನ ಪತ್ನಿ. ಅವರ ತವರು ಧಾರವಾಡ. ಮದುವೆಯಾದ ಮೇಲೆ ನನ್ನ ವರ್ಗಾವಣೆಗಳ ಹಿಂದೆ ಊರೂರು ಅಲೆದು, ನಾಗಪುರದ ಶಾಲೆಯೊಂದರಲ್ಲಿ 18 ವರ್ಷ ಗಣಿತ ಕಲಿಸಿದ್ದಾರೆ. ಅವರ ಸ್ನೇಹಿತೆಯರು, ಶಿಷ್ಯರು, ತರಕಾರಿಯವಳು, ವೈದ್ಯರು ಎಲ್ಲ ಇಲ್ಲಿದ್ದಾರೆ. ‘ನೀವು ಹಿಂದಿರುಗುತ್ತೀರಿ, ಸರಿ. ನಾನು ಇನ್ನೊಮ್ಮೆ ಹೊರಡುತ್ತೇನೆ’ ಎಂದರು ಅವರು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಸಮಾಜದಲ್ಲಿ ಹೆಣ್ಣು ಒಂದು ಬಾರಿ ಊರು ಬಿಡುವುದನ್ನು ಶುಭಕಾರ್ಯವೆಂದು ಕರೆದು ಮುಗಿಸಿಬಿಟ್ಟಿದ್ದೇವೆ. ಅವಳು ಹಿಂದಿರುಗುವ ಊರು ಯಾವುದೆಂದು ಕೇಳುವ ಪದ್ಧತಿಯಿಲ್ಲ. ಗಂಡನ ಸೇವಾ ಪುಸ್ತಕದಲ್ಲಿ ಬರೆದಿರುವುದೇ ಅವಳ ಊರು. ನಾವು ಗಂಡಸರು ಅರುವತ್ತರಲ್ಲಿ ಅನುಭವಿಸುವ ಈ ತಳಮಳವನ್ನು ಅವರು ಇಪ್ಪತ್ತೈದರಲ್ಲಿಯೇ ಯಾವ ಭಾಷಣವೂ ಇಲ್ಲದೆ ಅನುಭವಿಸಿದ್ದಾರೆ. ಹಿಂದಿರುಗುವ ತೀರ್ಮಾನದಲ್ಲಿ ಅವರದು ಸಮ್ಮತಿ ಮಾತ್ರವಾಗಿದ್ದರೆ ಸಾಲದು. ಅದು ಅವರ ತೀರ್ಮಾನವೂ ಆಗಿರಬೇಕು.

ಮಕ್ಕಳ ವಿಷಯದಲ್ಲಿ ಮಾತನ್ನು ಬೆಳೆಸುವುದಿಲ್ಲ. ನನ್ನ ಮಗಳು ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ, ಮರಾಠಿ ಕಾದಂಬರಿ ಓದುತ್ತಾಳೆ, ಪುಣೆಯಲ್ಲಿ ದುಡಿಯುತ್ತಾಳೆ. ಊರು ಯಾವುದೆಂದು ಕೇಳಿದರೆ ‘ನಾಗಪುರ’ ಎನ್ನುತ್ತಾಳೆ. ಅದು ಅವಳ ಸತ್ಯ. ಅವಳನ್ನು ಹಿಂದಿರುಗಿಸುವ ಪ್ರಶ್ನೆಯೇ ಇಲ್ಲ. ಎಂದೂ ಇಲ್ಲದ ಜಾಗಕ್ಕೆ ಯಾರೂ ಹಿಂದಿರುಗಲಾರರು.

ವ್ಯಾವಹಾರಿಕ ಸಂಗತಿಗಳನ್ನೂ ಮರೆಯುವಂತಿಲ್ಲ. ನಾಗಪುರದಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯ ಚಿಕಿತ್ಸಾಲಯಗಳಿವೆ. ಸಣ್ಣ ಊರುಗಳಲ್ಲಿ ಇಲ್ಲ. ಅಂಥ ಕಡೆ ನೆಲೆಸುವ ಪಿಂಚಣಿದಾರನಿಗೆ ಹೊರರೋಗಿ ಚಿಕಿತ್ಸೆಗೆಂದು ಕೊಡುವ ಭತ್ಯೆ 2017ರಲ್ಲಿ ತಿಂಗಳಿಗೆ 1000 ರೂಪಾಯಿಗೆ ಏರಿತು. ಎದೆ ನೋವು ಬಂದ ರಾತ್ರಿ ಈ ಮೊತ್ತ ಎಷ್ಟು ದೂರ ಕರೆದೊಯ್ಯುತ್ತದೆಂಬುದನ್ನು ಪ್ರತಿಯೊಬ್ಬರೂ ಮುಂಚಿತವಾಗಿ ಯೋಚಿಸಬೇಕು. ಪಿಂಚಣಿಯನ್ನು ದೇಶದ ಯಾವ ಊರಿನ ಬ್ಯಾಂಕಿನಲ್ಲಾದರೂ ಪಡೆಯಬಹುದು. ಹೃದ್ರೋಗ ತಜ್ಞರನ್ನು ಹಾಗೆ ಪಡೆಯಲಾಗುವುದಿಲ್ಲ.

ಇವೆಲ್ಲವನ್ನೂ ತೂಗಿ ನಾವಿಬ್ಬರೂ ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಹಳ್ಳಿಯ ಮನೆಗೆ ಹೋಗುವುದಿಲ್ಲ. ಸಾಗರ ಪಟ್ಟಣದಲ್ಲಿ ಬಾಡಿಗೆ ಮನೆ ಹಿಡಿಯುತ್ತೇವೆ. ಭೂಮಿ ಕೊಳ್ಳುವುದಿಲ್ಲ. ಪತ್ನಿ ಅಲ್ಲಿ ಗಣಿತ ಕಲಿಸುವುದನ್ನು ಮುಂದುವರಿಸುತ್ತಾರೆ. ವರ್ಷದಲ್ಲಿ ಎರಡು ತಿಂಗಳು ನಾಗಪುರಕ್ಕೆ ಬಂದಿರುತ್ತಾರೆ, ಅದು ಅವರ ಷರತ್ತು. ಒಂದು ವರ್ಷದ ಕೊನೆಯಲ್ಲಿ ಇಬ್ಬರೂ ಕುಳಿತು ಮತ್ತೆ ವಿಚಾರ ಮಾಡುತ್ತೇವೆ. ನಾನು ಅಲ್ಲಿ ಮಾಡುವ ಕೆಲಸವೇನು? ಮೂವತ್ತು ವರ್ಷಗಳಲ್ಲಿ ನಾನು ಚೆನ್ನಾಗಿ ಕಲಿತದ್ದು ಒಂದೇ ವಿದ್ಯೆ: ಕಡತವನ್ನು ಓದುವುದು, ಅದಕ್ಕೆ ಉತ್ತರ ಬರೆಯುವುದು. ಮುಳುಗಡೆಯವರ ಮನೆಗಳಲ್ಲಿ ಅಂಥ ಕಾಗದಗಳ ಗಂಟುಗಳಿವೆ. ಅವನ್ನು ದಿನಾಂಕದ ಪ್ರಕಾರ ಜೋಡಿಸಿ, ಯಾವ ಕಚೇರಿಗೆ ಏನು ಬರೆಯಬೇಕೆಂದು ಹೇಳಬಲ್ಲವರು ಕಡಿಮೆ. ವಾರಕ್ಕೆ ಮೂರು ದಿನ ಶುಲ್ಕವಿಲ್ಲದೆ ಈ ಕೆಲಸ ಮಾಡಬೇಕೆಂದಿದ್ದೇನೆ. ನನ್ನನ್ನು ಊರಿನವನೆಂದು ಒಪ್ಪುವುದು ಬಿಡುವುದು ಊರಿಗೆ ಸೇರಿದ್ದು.

ಕೊನೆಯದಾಗಿ ನಮ್ಮ ಸಂಘದ ಮಾತು. ಹೋಗುವವರ ಸಂಘವೊಂದು ಇಷ್ಟು ವರ್ಷ ಬಾಳಿರುವುದೇ ಸೋಜಿಗ. ‘ಹೇಗೂ ಹೋಗುವವರು’ ಎಂಬ ಭಾವನೆಯಿಂದಲೇ ನಾವು ಅನೇಕ ಕೆಲಸಗಳನ್ನು ಅರ್ಧಕ್ಕೆ ಬಿಟ್ಟಿದ್ದೇವೆ. ನಮ್ಮ ಗ್ರಂಥಾಲಯದ ಪುಸ್ತಕಗಳಿಗೆ ಇನ್ನೂ ಪಟ್ಟಿಯಿಲ್ಲ. ಮಕ್ಕಳ ಕನ್ನಡ ತರಗತಿ ಜೂನಿನಲ್ಲಿ ಆರಂಭವಾಗಿ ದೀಪಾವಳಿಗೆ ನಿಲ್ಲುತ್ತದೆ. ಇಷ್ಟು ಮಂದಿ ಎರಡೂ ಭಾಷೆ ಬಲ್ಲವರಿದ್ದೂ ವಿದರ್ಭದ ಮರಾಠಿ ಬರಹವನ್ನು ಕನ್ನಡಕ್ಕೆ ತರುವ ಪ್ರಯತ್ನವನ್ನು ನಾವು ಮಾಡಿಲ್ಲ. ಐವತ್ತೈದು ದಾಟಿದ ಪ್ರತಿಯೊಬ್ಬ ಸದಸ್ಯರಲ್ಲಿ ನನ್ನ ಬಿನ್ನಹವಿಷ್ಟೆ: ಈ ವರ್ಷದೊಳಗೆ ಮನೆಯವರೊಡನೆ ಕುಳಿತು ತೀರ್ಮಾನಿಸಿರಿ. ಹೋಗುವವರು ತಮ್ಮ ಹೊಣೆಯನ್ನು ಕಿರಿಯರಿಗೆ ಕಲಿಸಿಕೊಟ್ಟು ಹೋಗಲಿ. ಉಳಿಯುವವರು ನಾಗಪುರದವರಾಗಿ ಉಳಿಯಲಿ. ಇಲ್ಲಿಯ ಮತದಾರರ ಪಟ್ಟಿಯಲ್ಲಿ, ಇಲ್ಲಿಯ ನೀರಿನ ಜಗಳದಲ್ಲಿ, ಇಲ್ಲಿಯ ಸಾಹಿತ್ಯ ಸಭೆಯಲ್ಲಿ ಅವರ ಹೆಸರಿರಲಿ. ಹಾಗೆ ಉಳಿದವರಿಂದ ಕನ್ನಡಕ್ಕೂ ಬಲ ಬರುತ್ತದೆ.

ಮುಂದಿನ ಮೂರು ವರ್ಷ ನನಗೆ ಗ್ರಂಥಾಲಯದ ಪಟ್ಟಿ ಮಾಡುವ ಕೆಲಸವನ್ನು ವಹಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಳ್ಳುತ್ತೇನೆ.  ನನ್ನ ಮಾತಿಗೆ ವಿರೋಧವಿರುವವರು ಈಗ ಎದ್ದು ಮಾತನಾಡಬೇಕು.